ತಲೆಯಲ್ಲಿ ಗಡ್ಡೆ ಇದ್ದವರಿಗೆ ಇಸಿಟಿ: ಮೊದಲು ಏನೇನು ನೋಡುತ್ತಾರೆ?

ಖಿನ್ನತೆ ಮಾತ್ರೆಗೆ ಬಗ್ಗುತ್ತಿಲ್ಲ. ರೋಗಿ ಊಟ ಬಿಟ್ಟಿದ್ದಾರೆ, ಸಾಯುವ ಮಾತಾಡುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಇಸಿಟಿ, ಅಂದರೆ ‘ಶಾಕ್ ಟ್ರೀಟ್‌ಮೆಂಟ್’ ಬೇಗ ಕೆಲಸ ಮಾಡುತ್ತದೆ. ಆದರೆ ಮೆದುಳಲ್ಲಿ ಗಡ್ಡೆಯೂ ಇದ್ದರೆ?

ಹಿಂದೆ ‘ಬೇಡವೇ ಬೇಡ’ ಅನ್ನುತ್ತಿದ್ದರು. ಸುಮ್ನೆ ಅಲ್ಲ. 1980ರಲ್ಲಿ ಪ್ರಕಟವಾದ 35 ರೋಗಿಗಳ ವರದಿಯಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ತೊಂದರೆಯಾಗಿತ್ತು. ಆದರೆ ಅವರಲ್ಲಿ ಬಹಳ ಜನಕ್ಕೆ ಗಡ್ಡೆ ಇರುವುದೇ ಮೊದಲು ಗೊತ್ತಿರಲಿಲ್ಲ. ಗಡ್ಡೆ ಚಿಕ್ಕದಿದ್ದು, ಸುತ್ತ ಊತವಿಲ್ಲದವರಿಗೆ ಎಚ್ಚರಿಕೆಯಿಂದ ಕೊಟ್ಟಾಗ ತೊಂದರೆಯಾಗದ ಉದಾಹರಣೆಗಳು ಆಮೇಲೆ ಹಲವು ಬಂದವು. ಹಾಗಾಗಿ ನನ್ನ ಪ್ರಕಾರ ‘ಗಡ್ಡೆ ಇದೆಯಾ’ ಅಂತ ಕೇಳಿದರೆ ಸಾಲದು, ‘ತಲೆಯೊಳಗೆ ಒತ್ತಡ ಇದೆಯಾ’ ಅಂತ ಕೇಳಬೇಕು. ಇಸಿಟಿಯಲ್ಲಿ ತಲೆಗೆ ಕರೆಂಟ್ ಕೊಟ್ಟು ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಆಗ ಮೆದುಳಿಗೆ ಹರಿಯುವ ರಕ್ತ ಜಾಸ್ತಿಯಾಗಿ ಒತ್ತಡ ಏರುತ್ತದೆ. ಮೊದಲೇ ಜಾಗವಿಲ್ಲದ ಕಡೆ ಅದು ಪ್ರಾಣಕ್ಕೇ ಕುತ್ತು.

ಅದಕ್ಕೇ ಮೊದಲ ಹೆಜ್ಜೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್. ಜೊತೆಗೆ ವೈದ್ಯರು ಬೆಳಕು ಬಿಡುವ ಪುಟ್ಟ ಉಪಕರಣ ಹಿಡಿದು ಕಣ್ಣಿನ ಒಳಗೆ ನೋಡುತ್ತಾರೆ. ಕಣ್ಣಿನ ನರದ ಬುಡ ಊದಿದ್ದರೆ ತಲೆಯಲ್ಲಿ ಒತ್ತಡ ಇದೆ ಎಂಬ ಸೂಚನೆ. ಬೆಳಗಿನ ತಲೆನೋವು, ವಾಂತಿ ಇದ್ದರೆ ಮನೆಯವರು ಮುಚ್ಚಿಡದೆ ಹೇಳಬೇಕು.

ಎರಡನೆಯದು, ನರರೋಗ, ಮನೋರೋಗ, ಅರಿವಳಿಕೆ ವೈದ್ಯರು ಕೂತು ಮಾತಾಡುವುದು. ಊತ ಇದ್ದರೆ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಟ್ಟು ಇಳಿಸಬಹುದು. ಇಳಿಯದಿದ್ದರೆ ಇಸಿಟಿಯ ಯೋಚನೆ ಬಿಡುವುದೇ ಲೇಸು.

ಚಿಕಿತ್ಸೆಯ ದಿನ ಬರಿ ಹೊಟ್ಟೆಯಲ್ಲಿ ಬರಬೇಕು, ಕಟ್ಟಿಸಿದ ಹಲ್ಲಿದ್ದರೆ ತೆಗೆಯಬೇಕು. ಬಿಪಿ ಏರದಂತೆ ಔಷಧಿ ಕೊಡುತ್ತಾರೆ. ಕರೆಂಟ್ ಕೊಡುವ ಜಾಗವನ್ನು ಆದಷ್ಟು ಗಡ್ಡೆಯಿಂದ ದೂರ ಇಡುತ್ತಾರೆ. ಸ್ನಾಯು ಸಡಿಲಿಸುವ ಔಷಧಿ ಕೊಡುವ ಮೊದಲು ಕಾಲಿಗೆ ಬಿಪಿ ಪಟ್ಟಿ ಬಿಗಿದು ಗಾಳಿ ತುಂಬುತ್ತಾರೆ. ಔಷಧಿ ಆ ಪಾದಕ್ಕೆ ಇಳಿಯುವುದಿಲ್ಲ. ಮೈಯೆಲ್ಲ ಸುಮ್ಮನಿದ್ದರೂ ಆ ಒಂದು ಪಾದ ಮಾತ್ರ ಅದುರುತ್ತದೆ. ಫಿಟ್ಸ್ ಎಷ್ಟು ಸೆಕೆಂಡು ಇತ್ತೆಂದು ಅದನ್ನು ನೋಡಿ ಎಣಿಸುತ್ತಾರೆ, ಮೆದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿಯಲ್ಲೂ ನೋಡುತ್ತಾರೆ. ಸಿನಿಮಾದಲ್ಲಿ ಕಾಣುವ ಒದ್ದಾಟ ಇಲ್ಲಿರುವುದಿಲ್ಲ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಗೊಂದಲ, ಮರೆವು ಸಹಜ. ಆದರೆ ತಲೆನೋವು ಏರುತ್ತಲೇ ಹೋದರೆ, ಕೈಕಾಲಿನ ಬಲ ಕುಂದಿದರೆ, ಮತ್ತೆ ಮಂಪರು ಕವಿದರೆ ಮುಂದಿನ ಸರದಿಗೆ ಕಾಯಬೇಡಿ, ತಕ್ಷಣ ವಾರ್ಡಿನ ನರ್ಸ್‌ಗೆ ಹೇಳಿ.