ಅಟ್ಟದ ಕಂಬಳಿ, ಸಂತೆಪೇಟೆ ಹಗ್ಗ: ನನ್ನ ಕ್ಯಾಂಪಿಂಗ್ ಸಾಮಾನು

ಕ್ಯಾಂಪಿಂಗ್‌ಗೆ ಏನೇನು ತಗೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಊರಿನ ಮನೆ ಅಟ್ಟದ ಮೇಲೆ ಏನಿದೆ? ಮಂಡ್ಯ ಕಡೆಯವರಾದರೆ ಒಂದು ಕಂಬಳಿ, ಒಂದು ಮಚ್ಚು, ಒಂದಷ್ಟು ಹಗ್ಗ, ಹಳೇ ಸಿಲ್ವರ್ ಪಾತ್ರೆ ಸಿಕ್ಕೇ ಸಿಗುತ್ತವೆ. ಅರ್ಧ ಸಾಮಾನು ಅಲ್ಲೇ ಆಯಿತು. ಉಳಿದ ಅರ್ಧಕ್ಕೆ ಅಂಗಡಿಗೆ ಹೋಗಿ. ಆದರೆ ಅಲ್ಲಿ ಜಿಪುಣತನ ಮಾಡಬೇಡಿ.

ನಾನಿರುವುದು ಮೈಸೂರಿನಲ್ಲಿ. ರಾತ್ರಿ ಉಳಿಯಲು ಹೋಗುವುದು ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನೆಂಟರ ಮತ್ತು ಗೆಳೆಯರ ತೋಟಗಳಿಗೆ. ಕಾಡಿಗೆ ಯಾಕೆ ಹೋಗಲ್ಲ ಅಂತ ಕೇಳುತ್ತಾರೆ. ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದಲ್ಲಿ. ಮೇಲುಕೋಟೆಯ ಕಾಡನ್ನೂ ತೋಳಗಳಿಗಾಗಿ 1974ರಲ್ಲೇ ವನ್ಯಜೀವಿಧಾಮ ಮಾಡಿದ್ದಾರೆ. ಇಂಥ ಕಡೆ ಅನುಮತಿ ಇಲ್ಲದೆ ಒಳಗೆ ಹೋಗುವುದು, ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ತೋಟದಲ್ಲಿ ಆ ತಲೆನೋವಿಲ್ಲ, ಯಜಮಾನರು ಒಪ್ಪಿದರೆ ಸಾಕು. ಆದರೆ ಕಬ್ಬಿನ ಗದ್ದೆ ಪಕ್ಕ ಮಾತ್ರ ಮಲಗಬೇಡಿ. ಚಿರತೆ ಕಬ್ಬಿನೊಳಗೆ ಮರಿ ಹಾಕುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಹೊಳೆ ದಡವೂ ಬೇಡ. ಮೊಸಳೆ ಇವೆ, ಜೊತೆಗೆ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಸಂಜೆ ಇದ್ದ ದಡ ಬೆಳಗ್ಗೆ ಇರುವುದಿಲ್ಲ.

ಈಗ ಸಾಮಾನಿಗೆ ಬರೋಣ.

ನನಗೆ ಎಲ್ಲಕ್ಕಿಂತ ಇಷ್ಟ ಕಂಬಳಿ. ಬಂಡೂರು ಕುರಿ ನಮ್ಮ ಮಳವಳ್ಳಿ ಕಡೆಯದೇ ಆದರೂ ಅದು ಹೆಸರುವಾಸಿಯಾಗಿರುವುದು ಮಾಂಸಕ್ಕೆ. ಒಳ್ಳೆ ಕರಿ ಕಂಬಳಿ ಬರುವುದು ಚಿತ್ರದುರ್ಗ, ಚಳ್ಳಕೆರೆ ಕಡೆಯಿಂದ. ಮೈಗೆ ಚುಚ್ಚುತ್ತದೆ, ನಿಜ. ಒಳಗೆ ಒಂದು ಹತ್ತಿ ಪಂಚೆ ಹೊದ್ದುಕೊಂಡರೆ ಆಯಿತು. ಡಿಸೆಂಬರ್, ಜನವರಿಯಲ್ಲಿ ತೋಟದಲ್ಲಿ ಚಳಿಗಿಂತ ಇಬ್ಬನಿ ಕಾಟ ಜಾಸ್ತಿ. ಉಣ್ಣೆ ಸ್ವಲ್ಪ ನೆನೆದರೂ ಬೆಚ್ಚಗಿರುತ್ತದೆ. ಇನ್ನೊಂದು ಲಾಭ ಬೆಂಕಿ ಪಕ್ಕದಲ್ಲಿ ಗೊತ್ತಾಗುತ್ತದೆ. ಸರ್ವೆ ಸೌದೆ ಚಟಪಟ ಅಂತ ಸಿಡಿದು ಒಂದು ಕಿಡಿ ನೈಲಾನ್ ಸ್ಲೀಪಿಂಗ್ ಬ್ಯಾಗಿನ ಮೇಲೆ ಬಿದ್ದರೆ ಅಲ್ಲೊಂದು ತೂತು. ಕಂಬಳಿ ಮೇಲೆ ಬಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕೈಯಲ್ಲಿ ಕೊಡವಿದರೆ ಮುಗಿಯಿತು. ಜಿನುಗು ಮಳೆ ಬಂದರೆ ತಲೆ ಮೇಲೆ ಕೊಪ್ಪೆ ಹಾಕಿಕೊಂಡು ಕೂರಬಹುದು. ಭಾರ ಇದೆ. ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವವರಿಗೆ ಹೇಳಿದ್ದಲ್ಲ ಇದು. ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವ ನನ್ನಂಥವರಿಗೆ.

ಕೆಳಗೆ ಹಾಸುವುದಕ್ಕೆ ಮಾತ್ರ ನಾನು ಚಾಪೆ ಬಿಟ್ಟು ಫೋಮ್ ಮ್ಯಾಟ್‌ಗೆ ಬಂದೆ. ರಾತ್ರಿ ಚಳಿ ಹತ್ತುವುದು ಮೇಲಿನಿಂದಲ್ಲ, ನೆಲದಿಂದ. ಮೇಲೆ ಎಷ್ಟು ಹೊದ್ದರೂ ಕೆಳಗೆ ತೆಳು ಚಾಪೆ ಇದ್ದರೆ ಸೊಂಟ ತಣ್ಣಗಾಗುತ್ತದೆ. ಗಾಳಿ ತುಂಬುವ ಹಾಸಿಗೆ ಬೇಡ. ನಮ್ಮ ನೆಲದಲ್ಲಿ ಜಾಲಿ ಮುಳ್ಳಿಗೆ ಬರವಿಲ್ಲ.

ಮಚ್ಚಿನ ವಿಷಯ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ತಟ್ಟಿಸಿ ಮಾಡಿಸಿದ ಮಚ್ಚು ಸಿಕ್ಕಿದರೆ ಬೇರೆ ಕೊಡಲಿ ಬೇಕಿಲ್ಲ. ಎಳನೀರು ಕೆತ್ತುವ ಅಗಲದ ಮಚ್ಚು ಕ್ಯಾಂಪಿಗೆ ಭಾರ ಆಗುತ್ತದೆ. ಗರಿ ಸವರಲು, ಬೇಲಿ ಕಡಿಯಲು ಬಳಸುವ ಸಣ್ಣದು ಸರಿ. ಮಳೆಗಾಲದಲ್ಲಿ ಸೌದೆಯ ಹೊರಮೈ ನೆಂದಿದ್ದರೂ ತಿರುಳು ಒಣಗಿರುತ್ತದೆ. ಮಚ್ಚಿನ ಅಲಗನ್ನು ಸೌದೆಯ ತಲೆ ಮೇಲಿಟ್ಟು ಇನ್ನೊಂದು ಕೊರಡಿನಿಂದ ಬಡಿದರೆ ನೇರವಾಗಿ ಸೀಳುತ್ತದೆ. ಬೀಸಿ ಕಡಿಯುವುದಕ್ಕಿಂತ ಇದು ಕಾಲಿಗೂ ಕ್ಷೇಮ, ಕತ್ತಲಲ್ಲಂತೂ ಇದೇ ಸರಿ. ಬಸ್ಸಿನಲ್ಲಿ ಹೋಗುವುದಾದರೆ ಅಲಗಿಗೆ ಗೋಣಿ ಸುತ್ತಿ ಚೀಲದ ತಳಕ್ಕೆ ಹಾಕಿ. ಸಿನಿಮಾ ನೋಡಿ ನೋಡಿ ಮಚ್ಚು ಅಂದರೆ ಜನಕ್ಕೆ ತಲೆಗೆ ಬರುವುದೇ ಬೇರೆ.

ಸಣ್ಣ ಕೆಲಸಕ್ಕೆ ಸ್ವೀಡನ್ನಿನ ಮೋರಾ ಚಾಕು. ಅಲಗು ಸುಮಾರು 10 ಸೆಂ.ಮೀ. ಅಂಚಿನ ಇಳಿಜಾರು ಚಪ್ಪಟೆಯಾಗಿ, ಅಗಲವಾಗಿ ಇರುವುದರಿಂದ ಅದನ್ನೇ ಕಲ್ಲಿನ ಮೇಲೆ ಒರಗಿಸಿ ಮಸೆದರೆ ಸಾಕು, ಯಾವ ಕೋನದಲ್ಲಿ ಹಿಡಿಯಬೇಕು ಅನ್ನುವ ಗೊಂದಲವೇ ಇಲ್ಲ. ಕಾರ್ಬನ್ ಸ್ಟೀಲ್ ಆದರೆ ತುಕ್ಕು ಬೇಗ. ಹುಣಸೆಹಣ್ಣು, ನಿಂಬೆಹಣ್ಣು ತಾಗಿದ ಮೇಲೆ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡುತ್ತೇನೆ. ಇದರಲ್ಲಿ ನಾನು ಮೊದಲು ಕೆತ್ತುವುದು ಕವೆಗೋಲು. ಮುದ್ದೆ ತೊಳಸುವಾಗ ಪಾತ್ರೆ ಅಲ್ಲಾಡದಂತೆ ಹಿಡಿಯಲು ಅದು ಬೇಕೇ ಬೇಕು. ಮುದ್ದೆ ಕೋಲು ಮನೆಯಿಂದಲೇ ತರುತ್ತೇನೆ, ಅಷ್ಟು ನುಣುಪಾಗಿ ಕೆತ್ತುವ ತಾಳ್ಮೆ ಹಸಿದವನಿಗೆ ಇರುವುದಿಲ್ಲ. ಮರ ಆರಿಸುವಾಗ ಹುಷಾರು. ಕಣಗಿಲೆ ಕಡ್ಡಿ ಅಡುಗೆಗೆ ಮುಟ್ಟಲೇಬೇಡಿ, ಅದರ ಎಲ್ಲ ಭಾಗವೂ ವಿಷ. ಕಳ್ಳಿ ಹಾಲು ಕಣ್ಣಿಗೆ ಬಿದ್ದರೂ ಕಷ್ಟ.

ಇನ್ನು ಟಾರ್ಪಾಲ್. ಅಟ್ಟದ ಮೇಲಿನ ಸಾಮಾನಿನಲ್ಲಿ ಬೇಡ ಅನ್ನುವುದು ಇದೊಂದೇ, ಭತ್ತ ಒಣಗಿಸುವ ಆ ದೊಡ್ಡದು. ಟಾರ್ಪಾಲಿನ ತೂಕ ಹೇಳುವುದು ಜಿಎಸ್‌ಎಂ ಲೆಕ್ಕದಲ್ಲಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ. 8 ಮೀಟರ್ ಉದ್ದ, 6 ಮೀಟರ್ ಅಗಲ, 250 ಜಿಎಸ್‌ಎಂ ಆದರೆ 12 ಕೆ.ಜಿ. ಆಗುತ್ತದೆ. ಅದೇ 3 ಮೀಟರ್ ಚೌಕದ 90 ಜಿಎಸ್‌ಎಂ ಹಾಳೆ ಒಂದು ಕೆ.ಜಿ.ಗೂ ಕಡಿಮೆ. ಇಬ್ಬರಿಗೆ ಧಾರಾಳವಾಗಿ ಸಾಕು. ಟೆಂಟಿಗಿಂತ ನನಗೆ ಇದೇ ಹಿತ. ಸೆಖೆ ಇಲ್ಲ, ಮಲಗಿದಲ್ಲಿಂದಲೇ ಸುತ್ತ ಕಾಣುತ್ತದೆ, ಕೆಳಗೆ ಕೂತು ಒಗ್ಗರಣೆಯನ್ನೂ ಹಾಕಬಹುದು.

ಅಗ್ಗದ ಟಾರ್ಪಾಲಿನಲ್ಲಿ ಮೊದಲು ಹೋಗುವುದು ಅಂಚಿನ ಕಣ್ಣು. ಜೋರು ಗಾಳಿಗೆ ಆ ಲೋಹದ ಬಳೆ ಕಿತ್ತು ಬರುತ್ತದೆ. ನಾನು ಕಣ್ಣಿಗೆ ಹಗ್ಗ ಕಟ್ಟುವುದೇ ಇಲ್ಲ. ಒಂದು ನುಣುಪಾದ ಬೆಣಚುಕಲ್ಲು ತಗೊಂಡು, ಟಾರ್ಪಾಲಿನ ಮೂಲೆಯಲ್ಲಿ ಒಳಗಿಟ್ಟು ಸುತ್ತಿ, ಕಲ್ಲಿನ ಕತ್ತಿಗೆ ಜೀರುಗುಣಿಕೆ ಹಾಕಿ ಎಳೆಯುತ್ತೇನೆ. ಎಳೆದಷ್ಟೂ ಬಿಗಿಯುತ್ತದೆ, ಹರಿಯುವುದಿಲ್ಲ. ಬೆಳಗ್ಗೆ ಸಡಿಲ ಮಾಡಿದರೆ ಕಲ್ಲು ಕೆಳಗೆ ಉದುರುತ್ತದೆ. ಕಣ್ಣು ಕಿತ್ತುಹೋಗಿದೆ ಅಂತ ಬಿಸಾಡಿದ ಟಾರ್ಪಾಲೂ ಹೀಗೆ ಕೆಲಸಕ್ಕೆ ಬರುತ್ತದೆ. ಇನ್ನೊಂದು: ಮಳೆ ನೀರು ಮರದಿಂದ ಹಗ್ಗದ ಮೇಲೆ ಹರಿದುಕೊಂಡು ಸೀದಾ ಒಳಗೆ ಬರುತ್ತದೆ. ಟಾರ್ಪಾಲಿನ ಅಂಚಿಗಿಂತ ಒಂದು ಗೇಣು ಹೊರಗೆ ಹಗ್ಗಕ್ಕೆ ಬಟ್ಟೆ ಚೂರು ಕಟ್ಟಿ ನೇತಾಡಲು ಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಹಗ್ಗ ಮೈಸೂರಿನ ಸಂತೆಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ಕೊಡುವ ನೈಲಾನ್. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿಕೊಳ್ಳದಿದ್ದರೆ ಎಳೆ ಬಿಚ್ಚುತ್ತಲೇ ಇರುತ್ತದೆ.

ತೆಂಗಿನ ತೋಟದಲ್ಲಿ ಎರಡು ಮರದ ನಡುವೆ ಹ್ಯಾಮಕ್, ಅಂದರೆ ತೂಗುಹಾಸಿಗೆ, ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ? ನಮ್ಮಲ್ಲಿ ತೆಂಗಿನ ಸಾಲಿಗೆ 25–30 ಅಡಿ ಅಂತರ ಬಿಡುತ್ತಾರೆ. ಹ್ಯಾಮಕ್‌ಗೆ ಬೇಕಿರುವುದು 13–16 ಅಡಿ. ಅಡಿಕೆ ಮರ 9 ಅಡಿಗೊಂದು, ಅದು ಹತ್ತಿರವಾಯಿತು, ಕಾಂಡವೂ ಸಣ್ಣ. ತೆಂಗಿನ ಕೆಳಗೆ ಹೇಗೋ ಕಟ್ಟಿದರೂ ರಾತ್ರಿ ಕಾಯಿ, ಮಟ್ಟೆ ಬೀಳುವ ಭಯ. ಆದ್ದರಿಂದ ಬದುವಿನ ಮೇಲಿನ ಹೊಂಗೆ, ಮಾವು ನೋಡಿಕೊಳ್ಳಿ. ಸೊಳ್ಳೆಪರದೆ ಹೊಲಿದಿರುವ ಹ್ಯಾಮಕ್ಕನ್ನೇ ಕೊಳ್ಳಿ. ನಾಲೆ ನೀರು ಗದ್ದೆಯಲ್ಲಿ ನಿಂತಿರುವ ಊರುಗಳಲ್ಲಿ ಪರದೆ ಇಲ್ಲದೆ ನಿದ್ದೆ ಅನ್ನುವುದು ಸುಮ್ನೆ ಮಾತು.

ಬೆಂಕಿಗೆ ನನ್ನ ಚೀಲದಲ್ಲಿ ಫೆರೋ ರಾಡ್ ಇದೆ, ಅಂದರೆ ಗೀರಿದರೆ ಕಿಡಿ ಹಾರುವ ಲೋಹದ ಕಡ್ಡಿ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಕಂಡುಹಿಡಿದ ಮಿಶ್ರಲೋಹ ಇದು. ಲೈಟರಿನ ಕಲ್ಲು ಕೂಡ ಇದೇ. ನೆನೆದರೂ ಒರೆಸಿಕೊಂಡು ಕಿಡಿ ಎಬ್ಬಿಸಬಹುದು. ಕಿಡಿ ಹಿಡಿಯಲು ತೆಂಗಿನ ಗರಿಯ ಬುಡದಲ್ಲಿ ಬಲೆ ಥರ ಇರುವ ಕಂದು ನಾರನ್ನು ಕಿತ್ತು, ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಹಕ್ಕಿ ಗೂಡಿನಂತೆ ಸಡಿಲವಾಗಿ ಮಾಡಿಕೊಳ್ಳುತ್ತೇನೆ. ನಡುವೆ ಉದುರಿದ ಪುಡಿಯನ್ನೇ ಒಟ್ಟು ಮಾಡಿ ಇಡಬೇಕು, ಕಿಡಿ ಮೊದಲು ಹತ್ತುವುದು ಅದಕ್ಕೆ. ಗೀರುವ ಪಟ್ಟಿಯನ್ನು ಅಲ್ಲಾಡಿಸದೆ ಹಿಡಿದು ರಾಡನ್ನೇ ಹಿಂದಕ್ಕೆ ಎಳೆಯಿರಿ. ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಕೈ ಹೋಗಿ ಗೂಡಿಗೆ ಬಡಿಯುತ್ತದೆ, ಎಲ್ಲಾ ಚೆಲ್ಲಾಪಿಲ್ಲಿ. ಇಷ್ಟೆಲ್ಲಾ ಹೇಳಿದರೂ ದಿನಬಳಕೆಗೆ ಬೆಂಕಿಪೊಟ್ಟಣವೇ. ರಾಡ್ ಇರುವುದು ಕಡ್ಡಿ ತೇವ ಆದ ದಿನಕ್ಕೆ, ಜೊತೆಗೆ ಸ್ವಲ್ಪ ಶೋಕಿಗೆ. ಕಬ್ಬಿನ ತರಗು ಭುಗ್ ಅಂತ ಹತ್ತಿ ಅಷ್ಟೇ ಬೇಗ ಬೂದಿ ಆಗುತ್ತದೆ, ಗಾಳಿಗೆ ಹಾರುತ್ತದೆ ಬೇರೆ. ಕೆಂಡ ನಿಲ್ಲಬೇಕಾದರೆ ಜಾಲಿ ಅಥವಾ ಹುಣಸೆ ಸೌದೆ. ಪಾತ್ರೆಯ ಹೊರಗೆ ಮೊದಲೇ ಬೂದಿ ಕಲಸಿ ಬಳಿದರೆ ಮಸಿ ಸುಲಭವಾಗಿ ಬಿಡುತ್ತದೆ. ಅಮ್ಮಂದಿರಿಗೆಲ್ಲ ಗೊತ್ತಿರುವುದೇ.

ಅಂಗಡಿಯಲ್ಲಿ ದುಡ್ಡು ಹಾಕಬೇಕಾದ್ದು ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪಿಗೆ. ಎರಡೂ ಕೈ ಖಾಲಿ ಇರುತ್ತದೆ ಅನ್ನುವುದು ಒಂದು. ಕೆಂಪು ಬೆಳಕು ಇರುವುದನ್ನು ತಗೊಂಡರೆ ಹುಳ ಅಷ್ಟಾಗಿ ಮುತ್ತುವುದಿಲ್ಲ, ಎದುರಿಗಿದ್ದವರ ಕಣ್ಣಿಗೂ ಹೊಡೆಯುವುದಿಲ್ಲ. ಕತ್ತಲಲ್ಲಿ ಬದು ಮೇಲೆ ನಡೆಯುವಾಗ ಮಾತ್ರ ಬಿಳಿ ಬೆಳಕೇ ಬೇಕು. ಗದ್ದೆ ಬಯಲಿನಲ್ಲಿ ನಾಗರ, ಕೊಳಕುಮಂಡಲ ಎರಡೂ ಇವೆ. ಯಾರಿಗಾದರೂ ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ಸೀದಾ ದೊಡ್ಡಾಸ್ಪತ್ರೆಗೆ. ಬೆಳಗ್ಗೆ ಶೂ ಕೊಡವಿಯೇ ಕಾಲು ಹಾಕಿ.

ನೀರು ಫಿಲ್ಟರ್ ತಗೊಳ್ಳಿ ಅಂತ ನಾನು ಹೇಳಲ್ಲ. ಅದು ಕ್ರಿಮಿ ತಡೆಯುತ್ತದೆ, ಆದರೆ ನಾಲೆ, ಗದ್ದೆಯ ನೀರಿನಲ್ಲಿ ಕರಗಿರುವ ಗೊಬ್ಬರ, ಔಷಧಿ ಅದರಲ್ಲಿ ನಿಲ್ಲುವುದಿಲ್ಲ. ಕುದಿಸಿದರೂ ಹೋಗಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಹೋಗುತ್ತೇನೆ. ಜೊತೆಗೆ ಒಂದೇ ಪದರದ ಸ್ಟೀಲ್ ಬಾಟಲಿ. ಮುಚ್ಚಳ ತೆಗೆದು ಕೆಂಡದ ಪಕ್ಕ ಇಟ್ಟರೆ ಕಾಫಿಗೆ ನೀರು ಕಾಯುತ್ತದೆ. ಬಿಸಿ ಆರದಂತೆ ಇಡುವ ಎರಡು ಪದರದ ಬಾಟಲಿಯನ್ನು ಮಾತ್ರ ಬೆಂಕಿಗೆ ಇಡಬೇಡಿ, ಸಿಡಿಯಬಹುದು.

ಫೆಬ್ರವರಿ ಕಳೆದ ಮೇಲೆ ಮಳೆ ಬೀಳುವವರೆಗೆ ನಾನು ಸೌದೆ ಒಲೆ ಹೂಡುವುದಿಲ್ಲ. ಬದುವಿನ ಹುಲ್ಲು ಗರಿಗರಿ ಆಗಿರುತ್ತದೆ, ಪಕ್ಕದಲ್ಲೇ ಯಾರದ್ದೋ ಕಬ್ಬು. ಆಗ ಸಣ್ಣ ಗ್ಯಾಸ್ ಸ್ಟವ್. ಉದ್ದನೆ ಬ್ಯೂಟೇನ್ ಡಬ್ಬಿ ಹಾಕುವಂಥದ್ದು ನಮ್ಮ ಹವೆಗೆ ಚೆನ್ನಾಗಿ ಉರಿಯುತ್ತದೆ. ಸುತ್ತ ಗಾಳಿ ತಡೆಗೆ ತಗಡು ಇಡುವಾಗ ಡಬ್ಬಿಯ ಕಡೆ ತೆರೆದಿರಲಿ, ಇಲ್ಲದಿದ್ದರೆ ಡಬ್ಬಿಯೇ ಕಾಯುತ್ತದೆ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೂ ಅದನ್ನು ಬಿಡಬೇಡಿ. ಬಸ್ಸಿನಲ್ಲಿ ಅದನ್ನು ಒಯ್ಯುವಂತಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಬಸ್ಸಿಗೆ ಹೋದರೆ ನನಗೆ ಅವಲಕ್ಕಿ ಮೊಸರೇ ಊಟ.