ಹೊಲದ ಬೇಲಿ: ಅರ್ಧ ನೀವು ನೆಡಿ, ಉಳಿದರ್ಧ ಹಕ್ಕಿಗಳಿಗೆ ಬಿಡಿ

ಕಲ್ಲುಕಂಬ ನಿಲ್ಲಿಸಿ ತಂತಿ ಎಳೆದರೆ ದನ ಒಳಗೆ ಬರುವುದಿಲ್ಲ, ಅಷ್ಟೇ. ಲಕ್ಕಿ, ಕವಳೆ, ಸೀಗೆ, ಬಾರೆ ಹೆಣೆದುಕೊಂಡ ಜೀವಂತ ಬೇಲಿ ದನವನ್ನೂ ತಡೆಯುತ್ತದೆ, ಇಲಿ ಹಿಡಿಯುವ ಗೂಬೆಗೆ, ಕಾಯಿಕೊರಕ ಹೆಕ್ಕುವ ಕಾಜಾಣಕ್ಕೆ, ಬದನೆ ಹೂವಿಗೆ ಬರುವ ದುಂಬಿಗೆ ಮನೆಯೂ ಆಗುತ್ತದೆ. ಬಯಲುಸೀಮೆಯ ಒಣಬೇಸಾಯದ ಹೊಲಕ್ಕೆ ಇಂಥ ಬೇಲಿ ಕಟ್ಟುವ ಬಗೆ ಇಲ್ಲಿದೆ. ಎಲ್ಲವನ್ನೂ ನೀವೇ ನೆಡಬೇಕಿಲ್ಲ. ಸಾಲು ಹಿಡಿಸಿ, ಹಕ್ಕಿ ಕೂರಲು ಜಾಗ ಕೊಟ್ಟರೆ ಉಳಿದ ಬೀಜ ತರುವ ಕೆಲಸ ಅವುಗಳದು.

ಲೆಕ್ಕ ಮತ್ತು ಕಂದಕ

ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಅಡಿಗೊಂದರಂತೆ ಲಕ್ಕಿ ಕಡ್ಡಿ ನೆಟ್ಟರೆ 835 ಬೇಕು. ಒಂದಷ್ಟು ಸಾಯುವುದು ಖಂಡಿತ, ಹಾಗಾಗಿ 1,000 ಕಡ್ಡಿಗೆ ಸಿದ್ಧರಾಗಿ. ಲಕ್ಕಿ ಸಾಲಿನ ಹೊರಮಗ್ಗುಲಿಗೆ ಒಂದೂವರೆ ಅಡಿ ಬಿಟ್ಟು ಮುಳ್ಳುಗಿಡಗಳ ಸಾಲು. ಮೂರು ಅಡಿಗೊಂದು ಸಾಕು, ಅಂದರೆ ಸುಮಾರು 280 ಗಿಡ. ಒಂದೇ ವರ್ಷದಲ್ಲಿ ನಾಲ್ಕೂ ದಿಕ್ಕು ಮುಗಿಸಲು ಆಳು ಸಿಗದಿದ್ದರೆ ದನ ನುಗ್ಗುವ ಕಡೆಯಿಂದ ಶುರುಮಾಡಿ.

ಏಪ್ರಿಲ್–ಮೇ ತಿಂಗಳಲ್ಲಿ ಗಡಿಯೊಳಗೆ ಎರಡಡಿ ಅಗಲ, ಒಂದೂವರೆ ಅಡಿ ಆಳದ ಕಂದಕ ತೋಡಿ, ಮಣ್ಣನ್ನು ಹೊಲದ ಕಡೆಗೆ ಹಾಕಿ ಬದು ಮಾಡಿ. ಕಂದಕದ ಅಂಚಿಗೂ ಬದುವಿಗೂ ನಡುವೆ ಒಂದಡಿ ಬಿಡದಿದ್ದರೆ ಮೊದಲ ಜಡಿಮಳೆಗೇ ಬದು ಕುಸಿದು ಕಂದಕ ತುಂಬುತ್ತದೆ. ಇಳಿಜಾರಿನಲ್ಲಿ ಕಂದಕವನ್ನು ಒಂದೇ ಸಮನೆ ತೋಡಬೇಡಿ. 20 ಅಡಿಗೊಮ್ಮೆ ಎರಡಡಿ ಮಣ್ಣನ್ನು ಹಾಗೇ ಉಳಿಸಿ. ಈ ತಡೆ ಇಲ್ಲದಿದ್ದರೆ ಕಂದಕ ಹಳ್ಳವಾಗಿ ಹರಿಯುತ್ತದೆ. ಇದ್ದರೆ ನೀರು ಅಲ್ಲಲ್ಲೇ ನಿಂತು ಬೇಲಿಯ ಬೇರಿಗೆ ಇಳಿಯುತ್ತದೆ.

ಲಕ್ಕಿ ಸಾಲು

ಲಕ್ಕಿಯನ್ನು ಕೆಲವು ಕಡೆ ಲೆಕ್ಕಿ, ನೆಕ್ಕಿ ಅನ್ನುತ್ತಾರೆ. ಎಲೆಯ ಕಟುವಾಸನೆಗೆ ದನ, ಮೇಕೆ ಬಾಯಿ ಹಾಕುವುದಿಲ್ಲ. ನೀಲಿ ಹೂವಿಗೆ ತುಡುವೆ ಜೇನು, ಕೋಲುಜೇನು ಮುತ್ತುತ್ತವೆ. ಬೇಲಿಗೆ ಬೆನ್ನೆಲುಬಾಗಲು ಇದಕ್ಕಿಂತ ಒಳ್ಳೆಯ ಗಿಡವಿಲ್ಲ.

ಹೆಬ್ಬೆರಳು ದಪ್ಪದ, ಬಲಿತ ಕಡ್ಡಿಯನ್ನು ಎರಡಡಿ ಉದ್ದಕ್ಕೆ ಕತ್ತರಿಸಿ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿದರೆ ನೆಡುವಾಗ ತಲೆಕೆಳಗಾಗುವುದಿಲ್ಲ. ಕೂಲಿಯವರು ಗಡಿಬಿಡಿಯಲ್ಲಿ ನೆಡುವಾಗ ಈ ಒಂದು ಗುರುತು ನೂರಾರು ಕಡ್ಡಿ ಉಳಿಸುತ್ತದೆ. ಕಡ್ಡಿಯನ್ನು ಮಣ್ಣಿಗೆ ಒತ್ತಿ ಚುಚ್ಚಬಾರದು, ಬುಡದ ತೊಗಟೆ ಸುಲಿದು ಅಲ್ಲಿಂದಲೇ ಕೊಳೆಯುತ್ತದೆ. ಹಾರೆಯಿಂದ ತೂತು ಹೊಡೆದು, ಎಂಟು ಇಂಚು ಇಳಿಸಿ, ಸುತ್ತ ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ಗಾಳಿ ಉಳಿದರೆ ಬೇರು ಬರುವುದಿಲ್ಲ.

ರೋಹಿಣಿ ಮಳೆಗೆ ಆತುರಪಡಬೇಡಿ. ಒಂದು ಮಳೆ ಬಿದ್ದು ಹದಿನೈದು ದಿನ ಬಿಸಿಲು ಕಾದರೆ ಎಲ್ಲವೂ ಹೋದಂತೆ. ಮಣ್ಣು ಒಂದಡಿ ಆಳ ನೆನೆದ ಮೇಲೆ, ಸಾಮಾನ್ಯವಾಗಿ ಮೃಗಶಿರಾ ಅಥವಾ ಆರಿದ್ರಾ ಮಳೆಗೆ ನೆಡಿ. ಕಡ್ಡಿ ಕತ್ತರಿಸಿದ ದಿನವೇ ನೆಡಬೇಕು. ಆಗದಿದ್ದರೆ ನೆರಳಲ್ಲಿ ಒದ್ದೆ ಗೋಣಿಚೀಲ ಸುತ್ತಿಡಿ.

ಬಹಳ ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಹದಿನೈದು ದಿನಕ್ಕೆ ಕಡ್ಡಿ ಚಿಗುರುತ್ತದೆ, ಬೇರು ಹಿಡಿಯಿತು ಎಂದುಕೊಂಡು ನೀರು ಬಿಟ್ಟುಬಿಡುತ್ತಾರೆ. ಆ ಚಿಗುರು ಬಂದದ್ದು ಕಡ್ಡಿಯೊಳಗಿದ್ದ ಸತ್ವದಿಂದ, ಬೇರಿನಿಂದಲ್ಲ. ಇನ್ನೂ ಒಂದು ತಿಂಗಳು, ಮಳೆ ಬಿಡುವು ಕೊಟ್ಟಾಗ, ವಾರಕ್ಕೆರಡು ಸಲ ಕಡ್ಡಿಗೊಂದು ಚೊಂಬು ನೀರು ಹಾಕಿ. ಬೇರು ಬಂದಿದೆಯೇ ಎಂದು ಎಳೆದು ನೋಡಬೇಡಿ. ಎಳೆಬೇರು ಎಳೆದರೆ ಹರಿದೇ ಹೋಗುತ್ತದೆ. ಉಳಿದ 165 ಕಡ್ಡಿಯನ್ನು ಬಾವಿ ಹತ್ತಿರ ಒತ್ತೊತ್ತಾಗಿ ನೆಟ್ಟಿಟ್ಟು, ಬೇರು ಬಂದವನ್ನು ಸೆಪ್ಟೆಂಬರ್ ಮಳೆಗೆ ಖಾಲಿ ಜಾಗಕ್ಕೆ ತುಂಬಿ.

ಮುಳ್ಳಿನ ಸಾಲು: ಬೀಜಕ್ಕೊಂದು ಉಪಚಾರ

ಕವಳೆ ಹಣ್ಣಾಗುವುದು ಮುಂಗಾರಿನ ಆಸುಪಾಸಿಗೇ. ಹಣ್ಣು ಹಿಸುಕಿ, ತಿರುಳು ತೊಳೆದು, ಬೀಜ ಒಣಗುವ ಮುಂಚೆ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಎಂದರೆ ಒಂದೂ ಹುಟ್ಟುವುದಿಲ್ಲ. ಬೇವಿನದೂ ಅದೇ ಕಥೆ, ಕೆಲವೇ ವಾರದಲ್ಲಿ ಬೀಜದ ಜೀವ ಹೋಗುತ್ತದೆ.

ಸೀಗೆ ಇದಕ್ಕೆ ತದ್ವಿರುದ್ಧ, ಸಿಪ್ಪೆ ಗಟ್ಟಿ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ರಾತ್ರಿಯಿಡೀ ಆರಲು ಬಿಡಿ. ಬೆಳಗ್ಗೆ ಉಬ್ಬಿದ ಬೀಜ ಆರಿಸಿ ಬಿತ್ತಿ, ಉಬ್ಬದವಕ್ಕೆ ಮತ್ತೊಮ್ಮೆ ಹಾಗೇ ಮಾಡಿ. ಒಲೆಯ ಮೇಲಿಟ್ಟು ಬೇಯಿಸಿದರೆ ಬೀಜ ಸಾಯುತ್ತದೆ. ಗಜ್ಜುಗಕ್ಕೆ ಬಿಸಿನೀರೂ ಸಾಲದು. ಬೂದುಬಣ್ಣದ ಆ ಗುಂಡನ್ನು ಕಲ್ಲಿಗೆ ಉಜ್ಜಿ, ಚಿಪ್ಪು ಸವೆದು ಒಳಗಿನ ಬಿಳಿ ಇಣುಕುವವರೆಗೆ ತೇಯಿರಿ. ತೊಟ್ಟಿನ ಗುರುತಿರುವ ಕಡೆ ಮಾತ್ರ ಮುಟ್ಟಬೇಡಿ, ಮೊಳಕೆ ಅಲ್ಲಿದೆ. ಆಮೇಲೆ ಒಂದು ದಿನ ನೀರಿನಲ್ಲಿ ನೆನೆಸಿ. ಸೀಗೆಯೂ ಗಜ್ಜುಗವೂ ಹಬ್ಬುವ ಗಿಡಗಳು. ಲಕ್ಕಿ ಎದೆಯೆತ್ತರ ಬರುವ ಮೊದಲೇ ಇವನ್ನು ಹಚ್ಚಿದರೆ ಅದರ ಮೇಲೇರಿ ಮುರಿದು ಹಾಕುತ್ತವೆ. ಎರಡನೇ ವರ್ಷ ಹಾಕಿ.

ಬಾರೆ (ನಿಮ್ಮ ಕಡೆ ಎಲಚಿ, ಬೋರೆ) ಮತ್ತು ಕರಿಜಾಲಿ ಬೀಜಕ್ಕೆ ಕುರಿ, ಮೇಕೆ ತಂಗುವ ದೊಡ್ಡಿಗೆ ಹೋಗಿ. ಮೆಲುಕು ಹಾಕುವಾಗ ಅವು ಉಗುಳಿದ ಬೀಜ ನೆಲದಲ್ಲಿ ಬಿದ್ದಿರುತ್ತವೆ. ಹೊಟ್ಟೆಯ ಬಿಸಿಗೂ ರಸಕ್ಕೂ ಸಿಪ್ಪೆ ಮೆತ್ತಗಾಗಿರುವುದರಿಂದ ಜಾಲಿ ಮರದಡಿ ಆಯ್ದದ್ದಕ್ಕಿಂತ ಒಂದೇ ಸಮನೆ ಹುಟ್ಟುತ್ತದೆ. ನಾವು ಬಿಸಿನೀರಿನಲ್ಲಿ ಮಾಡುವ ಕೆಲಸವನ್ನು ಪ್ರಾಣಿಗಳು ಮೊದಲಿನಿಂದ ಮಾಡುತ್ತ ಬಂದಿವೆ.

ಕಳ್ಳಿ ಹಾಕುವುದಾದರೆ ತುಂಡನ್ನು ಒಂದು ವಾರ ನೆರಳಲ್ಲಿ ಒಣಗಿಸಿ ನೆಡಿ, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಅದರ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಕಣ್ಣಿಗೆ ಅಡ್ಡ ಇಟ್ಟುಕೊಂಡೇ ಕತ್ತರಿಸಿ, ಸಿಡಿದರೆ ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ. ಬಳ್ಳಾರಿ ಜಾಲಿಯನ್ನೂ ಲಂಟಾನವನ್ನೂ ಬೇಲಿಗೆ ಖಂಡಿತ ಬಳಸಬೇಡಿ. ಬೇಗ ಬೆಳೆಯುತ್ತವೆ, ನಿಜ. ಆದರೆ ಎರಡೂ ಹೊರಗಿನಿಂದ ಬಂದವು, ಪಕ್ಕದ ಗೋಮಾಳವನ್ನೂ ನುಂಗುತ್ತವೆ.

ಹಕ್ಕಿಗೆ ಕೂರಲು ಕೊಂಬೆ

ಸಾಲು ನೆಟ್ಟ ವರ್ಷವೇ, 30 ಅಡಿಗೊಂದರಂತೆ, ಎಂಟು ಹತ್ತು ಅಡಿ ಎತ್ತರದ ಕವಲೊಡೆದ ಒಣಕೊಂಬೆ ಹುಗಿಯಿರಿ. ಬರೀ ಗೂಟಕ್ಕಿಂತ ಕವಲಿರುವ ಕೊಂಬೆಗೆ ಹಕ್ಕಿ ಹೆಚ್ಚು ಬರುತ್ತವೆ. ಪಿಕಳಾರ, ಗೊರವಂಕ, ಕೋಗಿಲೆ ಹಣ್ಣು ತಿಂದು ಬಂದು ಕೂತು ಹಿಕ್ಕೆ ಹಾಕುತ್ತವೆ. ಹಿಕ್ಕೆಯಲ್ಲಿ ತಿರುಳು ಕಳಚಿದ ಬೀಜ, ಜೊತೆಗೆ ಚಿಟಿಕೆ ಗೊಬ್ಬರ. ಕೊಂಬೆಯ ಬುಡದಲ್ಲಿ ಮೂರಡಿ ಸುತ್ತ ಹುಲ್ಲು ಕಿತ್ತು, ಮಣ್ಣು ಸಡಿಲಿಸಿ, ತೆಳ್ಳಗೆ ಒಣಎಲೆ ಹರಡಿ. ಗರಿಕೆ ದಟ್ಟವಾಗಿದ್ದರೆ ಬಿದ್ದ ಬೀಜ ಮಣ್ಣು ಮುಟ್ಟುವುದೇ ಇಲ್ಲ. ಹಕ್ಕಿ ಬಂದರೂ ಗಿಡ ಹುಟ್ಟಲಿಲ್ಲ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಈ ಜಾಗ ನೋಡುತ್ತಿರಿ. ಬೇವು ಹುಟ್ಟಿದರೆ ಬಿಡಿ. ಹಕ್ಕಿಗಳು ಲಂಟಾನ ಬೀಜವನ್ನೂ ತರುತ್ತವೆ. ಎಲೆ ಒರಟಾಗಿದ್ದು, ಹೊಸಕಿದರೆ ಘಾಟು ಹೊಡೆದು, ಕಾಂಡ ಚೌಕವಾಗಿದ್ದರೆ ಅದು ಲಂಟಾನವೇ. ಗೇಣುದ್ದ ಇರುವಾಗ ಬೇರುಸಹಿತ ಕಿತ್ತರೆ ಎರಡು ನಿಮಿಷದ ಕೆಲಸ, ಎರಡು ವರ್ಷ ಬಿಟ್ಟರೆ ಗುದ್ದಲಿ ಬೇಕು.

ಅದೃಷ್ಟವಿದ್ದರೆ ಶ್ರೀಗಂಧ ಹುಟ್ಟುತ್ತದೆ. ಅದರ ಹಣ್ಣನ್ನು ಹಕ್ಕಿಗಳೇ ಹರಡುವುದು, ಬೇಲಿಸಾಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ನಮ್ಮ ಕಡೆ ಹೊಸದಲ್ಲ. ಎದುರುಬದುರು ಜೋಡಿ ಎಲೆ, ನಯವಾದ ಹೊಳಪು, ತೆಳು ಕಾಂಡ. ಅದನ್ನು ಕಿತ್ತು ಬೇರೆ ಕಡೆ ನೆಡುವ ಆಸೆ ಬೇಡ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ಅಲ್ಲಿಂದ ನೀರು, ಸತ್ವ ಹೀರುತ್ತದೆ. ಕಿತ್ತರೆ ಆ ಕೊಂಡಿ ಹರಿದು ಸಾಯುತ್ತದೆ. ಪಕ್ಕದಲ್ಲಿ ಹೊಂಗೆ, ತಂಗಡಿ ಇದ್ದರೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ನೆಡಿ. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರಕ್ಕೆ ಜಮೀನಿನವರೇ ಒಡೆಯರು. ಆದರೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು.

ಒಂದೇ ಒಂದು ಆಲ

ಹೊಲಕ್ಕೊಂದು ಆಲ ಅಥವಾ ಬಸರಿ ಇರಲಿ. ತೋಳುಗಾತ್ರದ, ಎಂಟಡಿ ಉದ್ದದ ಕೊಂಬೆಯನ್ನು ಎರಡಡಿ ಆಳಕ್ಕೆ ಹುಗಿದು, ಮೇಲಿನ ಗಾಯಕ್ಕೆ ಸಗಣಿ ಮೆತ್ತಿ. ಆಲದ ಹೂವು ಕಾಯಿಯೊಳಗೇ ಅಡಗಿರುತ್ತದೆ, ಅಲ್ಲಿಗೆ ಪರಾಗ ತರುವುದು ಎಳ್ಳುಕಾಳಿನಷ್ಟು ಚಿಕ್ಕ ಕಣಜ. ಅದರ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದಕ್ಕೆ ಇನ್ನೊಂದು ಮರದಲ್ಲಿ ಎಳೆಗಾಯಿ ಸಿಗಬೇಕು, ಅದಕ್ಕೇ ಊರಿನ ಆಲಗಳೆಲ್ಲ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಬೇರೆ ಮರಗಳು ಬರಿದಾದಾಗಲೂ ಎಲ್ಲೋ ಒಂದು ಆಲದಲ್ಲಿ ಹಣ್ಣಿರುತ್ತದೆ, ಹಕ್ಕಿಗಳು ಊರು ಬಿಡದೆ ಉಳಿಯುತ್ತವೆ.

ಮರವನ್ನು ಉತ್ತರದ ಗಡಿಗೆ ನೆಡಿ. ನಮ್ಮಲ್ಲಿ ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಹೊರಗೆ ಬೀಳುತ್ತದೆ. ಹೊರಗಿರುವುದು ಪಕ್ಕದವರ ಹೊಲವಾದರೆ ಅವರನ್ನು ಕೇಳದೆ ನೆಡಬೇಡಿ. ಬಾವಿ, ಮನೆಗಳಿಂದ ದೂರವಿರಲಿ, ಬೇರು ಕಟ್ಟಡ ಸೀಳುತ್ತದೆ.

ಬೆಳೆಯೊಳಗೆ

ತೊಗರಿ, ಕಡಲೆ ಹೊಲದಲ್ಲಿ ಎಕರೆಗೆ ಎಂಟು ಹತ್ತು ಕವಲುಕೋಲು ನೆಡಿ, ಬೆಳೆಗಿಂತ ಒಂದೆರಡು ಅಡಿ ಎತ್ತರಕ್ಕೆ. ಕಡಲೆ ಬಿತ್ತುವಾಗ ಒಂದು ಹಿಡಿ ಜೋಳ ಬೆರೆಸಿದರೂ ಆಯಿತು, ಜೋಳದ ದಂಟೇ ಹಕ್ಕಿಗೆ ಆಸರೆ. ಕಾಜಾಣ ಅಲ್ಲಿ ಕೂತು ಕಾಯಿಕೊರಕದ ಹುಳ ಹೆಕ್ಕುತ್ತದೆ. ಹುಳ ದೊಡ್ಡದಾಗಿ ಕಾಯಿಯೊಳಗೆ ಸೇರಿದ ಮೇಲೆ ಹಕ್ಕಿಗೆ ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಕೋಲು ಮೊಗ್ಗಿನ ಹೊತ್ತಿಗೇ ಇರಬೇಕು. ಜೋಳ, ಸಜ್ಜೆ, ಸೂರ್ಯಕಾಂತಿ ಹೊಲದಲ್ಲಿ ಮಾತ್ರ ಕಾಳು ಕಟ್ಟುವಾಗ ಕೋಲು ಕಿತ್ತುಬಿಡಿ, ಗಿಳಿಗಳಿಗೆ ನೀವೇ ಆಸನ ಹಾಕಿಕೊಟ್ಟಂತಾಗುತ್ತದೆ.

ಇಲಿ ಹಿಡಿಯಲು ಕಣಜದ ಗೂಬೆ (ಬಾರ್ನ್ ಔಲ್; ಇಲ್ಲಿ ಕಣಜ ಎಂದರೆ ಕಾಳು ತುಂಬುವ ಕಣಜ). ಎಕರೆಗೆ ಎರಡು, ಹನ್ನೆರಡು ಅಡಿ ಎತ್ತರದ ಕಂಬಕ್ಕೆ ಅಡ್ಡಪಟ್ಟಿ ಹೊಡೆದು ನಿಲ್ಲಿಸಿ. ಅಡಿಯಲ್ಲಿ ಹೆಬ್ಬೆರಳುದ್ದದ ಕಪ್ಪು ಉಂಡೆಗಳು ಸಿಕ್ಕರೆ ಗೂಬೆ ಬಂದಿದೆ. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಯ ಕೂದಲು, ತಲೆಬುರುಡೆ, ಕಿತ್ತಲೆಬಣ್ಣದ ಮುಂದಿನ ಹಲ್ಲು ಕಾಣುತ್ತವೆ. ಬುರುಡೆ ಎಣಿಸಿದರೆ ಎಷ್ಟು ಇಲಿ ತಿಂದಿತೆಂದು ಗೊತ್ತಾಗುತ್ತದೆ. ಕಂಬವನ್ನೂ ನೆಟ್ಟು ಇಲಿಪಾಷಾಣವನ್ನೂ ಇಟ್ಟರೆ ವಿಷ ತಿಂದು ತೂರಾಡುವ ಇಲಿಯೇ ಗೂಬೆಗೆ ಮೊದಲು ಸಿಗುತ್ತದೆ, ಗೂಬೆಯೂ ಸಾಯಬಹುದು. ಕೇರೆಹಾವನ್ನೂ ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ಗೂಬೆ ಹೋಗಲಾಗದ ಬಿಲಕ್ಕೆ ಅದು ನುಗ್ಗುತ್ತದೆ.

ಬದನೆ ಹೂವನ್ನು ಹತ್ತಿರದಿಂದ ನೋಡಿ. ನಡುವಿನ ಹಳದಿ ಕೊಳವೆಗಳ ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಪರಾಗ ಉದುರುವುದು ಅಲ್ಲಿಂದಲೇ. ತುಡುವೆ ಜೇನಿಗೆ ಅದನ್ನು ಉದುರಿಸಲು ಬರುವುದಿಲ್ಲ. ಕರಿದುಂಬಿ ಹೂವನ್ನು ತಬ್ಬಿ, ರೆಕ್ಕೆ ಆಡಿಸದೆಯೇ ಮೈ ನಡುಗಿಸಿ ಗುಂಯ್ ಎನ್ನಿಸುತ್ತದೆ, ಪರಾಗ ಉಪ್ಪು ಉದುರಿದಂತೆ ಅದರ ಹೊಟ್ಟೆಗೆ ಬೀಳುತ್ತದೆ. ಈ ದುಂಬಿ ಗೂಡು ಕೊರೆಯುವುದು ಒಣಮರದಲ್ಲಿ. ಬೇಲಿಯಲ್ಲಿ ಒಣಗಿದ ಕೊಂಬೆಗಳನ್ನೆಲ್ಲ ಸೌದೆಗೆ ಕಡಿದರೆ ಅದಕ್ಕೆ ಮನೆಯಿಲ್ಲ. ಕೆಲವನ್ನಾದರೂ ಬಿಡಿ, ಜೊತೆಗೆ ಬಿದಿರಿನ ಅರ್ಧ ಅಡಿ ತುಂಡುಗಳನ್ನು, ಒಂದು ತುದಿಯಲ್ಲಿ ಗಿಣ್ಣು ಉಳಿಸಿ, ಕಟ್ಟುಕಟ್ಟಿ ಮಳೆ ತಾಗದ ಸೂರಿನಡಿ ಪೂರ್ವಕ್ಕೆ ಮುಖಮಾಡಿ ತೂಗುಹಾಕಿ. ಕಿರುಬೆರಳು ಹೋಗುವಷ್ಟು ರಂಧ್ರ ದುಂಬಿಗೆ, ಪೆನ್ಸಿಲ್‌ನಷ್ಟು ಸಣ್ಣದು ಎಲೆ ಕತ್ತರಿಸುವ ಜೇನಿಗೆ. ಬಾಯಿ ಎಲೆಯಿಂದ ಮುಚ್ಚಿದ್ದರೆ ಈ ಜೇನು ಬಂದಿದೆ, ತೊಗರಿ ಹೂವಿಗೆ ಅದು ಬೇಕು. ಮಣ್ಣಿನಿಂದ ಮುಚ್ಚಿದ್ದರೆ ಕಣಜ, ಅದು ಮರಿಗಳಿಗೆಂದು ಹುಳು ಹಿಡಿದು ತುಂಬುತ್ತದೆ. ಬೇಲಿಯ ಒಳಬದಿಗೆ ಎರಡಡಿ ಪಟ್ಟಿಯನ್ನು ಉಳಬೇಡಿ, ನೆಲದೊಳಗೆ ಗೂಡು ಮಾಡುವ ಜೇನುಗಳು ಅಲ್ಲಿರುತ್ತವೆ. ತುಂಬೆ ಹುಟ್ಟಿದರೆ ಬಿಡಿ. ಹೂವಿನ ಕಾಲದಲ್ಲಿ ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ.

ಮೂರನೇ ವರ್ಷದಿಂದ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗಬಾರದು. ಬೇಸಿಗೆಯಲ್ಲಿ ಉಳದೆ ಬಿಟ್ಟ ಪಟ್ಟಿಯ ಆಚೆ, ಬೆಳೆಯ ಕಡೆ, ಒಂದೂವರೆ ಅಡಿ ಆಳಕ್ಕೆ ಸಣ್ಣ ಕಾಲುವೆ ತೋಡಿ ಒಳನುಗ್ಗಿದ ಬೇರು ಕಡಿಯಿರಿ. ಗಂಧ ಇರುವ ಕಡೆ ಮಾತ್ರ ಆರಡಿ ಬಿಟ್ಟು ತೋಡಿ. ಮೇಲೆ ಸವರುವುದು ನವೆಂಬರ್‌ನಿಂದ ಜನವರಿಯೊಳಗೆ, ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ. ಮಾರ್ಚ್ ನಂತರ ಪಿಕಳಾರದಂಥವು ಗೂಡು ಕಟ್ಟುತ್ತವೆ. ಎಲ್ಲವನ್ನೂ ಒಮ್ಮೆಗೇ ಸವರಿದರೆ ಆ ವರ್ಷ ಹೂವೂ ಇಲ್ಲ, ಹಣ್ಣೂ ಇಲ್ಲ. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಇಡಬೇಡಿ, ಓತಿ, ಕಪ್ಪೆ, ನೆಲದ ಜೇನು ಎಲ್ಲ ಒಂದೇ ಗಂಟೆಯಲ್ಲಿ ಹೋಗುತ್ತವೆ.

ಈ ಬೇಲಿ ಆನೆ ತಡೆಯುವುದಿಲ್ಲ. ಕಾಡುಹಂದಿ ನುಗ್ಗುವುದು ಕೆಳಗಿನ ಎರಡಡಿಯಲ್ಲಿ. ನೆರಳಿಗೆ ಬುಡ ಬೋಳಾದ ಕಡೆಗಳಲ್ಲಿ ಲಕ್ಕಿಯನ್ನು ಮೊಣಕಾಲೆತ್ತರಕ್ಕೆ ಕಡಿಯಿರಿ, ಬುಡದಿಂದ ನಾಲ್ಕಾರು ಕವಲು ಒಡೆಯುತ್ತವೆ. ಅವು ಬೆಳೆಯುವವರೆಗೆ ಕಡಿದ ಕೊಂಬೆಯನ್ನೇ ಆ ಕಿಂಡಿಗೆ ತುರುಕಿಡಿ.