ಹಟ್ಟಿಯಾಚೆಯ ಗುಡಿಸಲಲ್ಲಿ ಕೂತು ಮಾತಾಡಿದ್ದು

ನಾನು ಚಳ್ಳಕೆರೆ ಕಡೆಯ ಒಂದು ಉಪಕೇಂದ್ರದಲ್ಲಿ ನರ್ಸ್. ನನ್ನ ವ್ಯಾಪ್ತಿಗೆ ಕಾಡುಗೊಲ್ಲ ಸಮುದಾಯದವರು ಇರುವ ಒಂದು ಗೊಲ್ಲರಹಟ್ಟಿಯೂ ಬರುತ್ತದೆ. ಮೊದಲ ವರ್ಷ ಹೆಣ್ಣುಮಕ್ಕಳನ್ನು ಅಂಗನವಾಡಿಯಲ್ಲಿ ಕೂರಿಸಿ ಮುಟ್ಟಿನ ಬಗ್ಗೆ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ಕೂತರು. ಕಿಟಕಿಯಾಚೆ ಗಂಡಸರು ಓಡಾಡುತ್ತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಅಲ್ಲಿ ಮುಟ್ಟಾದವರು ಮನೆಯೊಳಗೆ ಇರುವಂತಿಲ್ಲ, ಹಟ್ಟಿಯ ಅಂಚಿನ ಗುಡಿಸಲಲ್ಲಿ ಇರಬೇಕು. ಸರ್ಕಾರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಇರಲೆಂದು ಕೃಷ್ಣ ಕುಟೀರ ಎಂಬ ಕಟ್ಟಡ ಕಟ್ಟಿಸಿದೆ. ಇಲ್ಲಿದ್ದದ್ದು ಗರಿ ಹೊದಿಸಿದ ಗುಡಿಸಲು. ಈ ಪದ್ಧತಿ ಕಂಡರೆ ನನಗೆ ಇವತ್ತಿಗೂ ಸಂಕಟ. ಆದರೂ ಒಂದು ಸಂಜೆ ಅಲ್ಲಿಗೇ ಹೋಗಿ ಕೂತೆ. ಗಂಡಸರು ಸುಳಿಯದ ಜಾಗ ಅದೊಂದೇ ಅಲ್ವಾ?

ಒಬ್ಬ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. "ಅಕ್ಕ, ನನ್ನ ಮುಟ್ಟಿಬಿಟ್ರಲ್ಲ!" ಎಂದು ಹಿಂದೆ ಸರಿದಳು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 9. ಅವಳ ವಯಸ್ಸಿಗೆ 12 ಆದರೂ ಇರಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಎಸೆಯುತ್ತಿದ್ದಳಂತೆ. ಯಾಕೆ ಅಂದರೆ, ಸಂಡಾಸು ಕಪ್ಪಗಾಯಿತು, ಹೆದರಿಕೆ ಆಯಿತು ಎಂದಳು. ಅದು ಕಬ್ಬಿಣದ ಬಣ್ಣ, ರೋಗ ಅಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಊಟ ಆದ ಮೇಲೆ ನುಂಗು, ಜೊತೆಗೆ ಟೀ ಬೇಡ, ನಿಂಬೆಹಣ್ಣಿನ ನೀರು ಒಳ್ಳೇದು ಎಂದೆ. ವೈದ್ಯರಿಗೆ ತೋರಿಸಿ ದಿನಾ ಮಾತ್ರೆ ಶುರು ಮಾಡಿಸಿದೆ.

ಮುಟ್ಟಿನ ಬಟ್ಟೆಯದ್ದು ಇನ್ನೊಂದು ಕಥೆ. ಒಗೆದದ್ದನ್ನು ಸೀರೆಯ ಅಡಿ ಮುಚ್ಚಿ ಒಣಗಿಸುತ್ತಿದ್ದರು. ಮುಟ್ಟಿ ನೋಡಿದರೆ ಇನ್ನೂ ಹಸಿ, ಮುಗ್ಗಲು ವಾಸನೆ. ತುರಿಕೆ, ಬಿಳಿಸೆರಗು ಎಂದು ಅರ್ಧ ಜನ ಹೇಳಿದ್ದು ಸುಮ್ನೆ ಅಲ್ಲ. ಬಿಸಿಲಿಗೆ ಹಾಕಿ ಎಂದರೆ ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಅತ್ತೆ ಎದ್ದು, ಸೊಸೆಯ ಬಟ್ಟೆಯನ್ನು ತಾನೇ ಜಾಲಿ ಬೇಲಿಯ ಮೇಲೆ ಹರವಿದರು. "ಬಿಸಿಲಿಗೇನು ನಾಚ್ಕೆ?" ಅಂದರು. ಆಮೇಲೆ ಒಬ್ಬೊಬ್ಬರೇ ತಂದು ಹಾಕಿದರು.

ಅವತ್ತಿನಿಂದ ತಿಂಗಳಿಗೆರಡು ಸಲ ಅಲ್ಲೇ ಕೂರುತ್ತಿದ್ದೆ. ಎರಡು ಮಕ್ಕಳ ತಾಯಿ ಒಬ್ಬಳು, ಮೂರನೆಯದು ಸದ್ಯಕ್ಕೆ ಬೇಡ ಎಂದಳು. ಗರ್ಭ ನಿಲ್ಲದಂತೆ ತಡೆಯುವ ಅಂತರಾ ಚುಚ್ಚುಮದ್ದಿನ ಬಗ್ಗೆ ಹೇಳಿದೆ. ಮೂರು ತಿಂಗಳಿಗೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಏರುಪೇರಾಗಿ ರಕ್ತ ಹೋಗಬಹುದು, ಮುಟ್ಟು ನಿಂತೇ ಹೋಗಬಹುದು, ಚುಚ್ಚುಮದ್ದು ಬಿಟ್ಟರೆ ಮತ್ತೆ ಬರುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಜಾಸ್ತಿ ಜನ ಗಾಬರಿಯಾಗಿ ಎರಡನೆಯದಕ್ಕೆ ಬರುವುದೇ ಇಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಇಲ್ಲಿ ಬಂದು ಕೂರೋದೂ ತಪ್ಪುತ್ತಾ ಅಕ್ಕ?"

ನನಗೆ ತಕ್ಷಣ ಮಾತು ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಈ ಸಲ ಯಾರೂ ಹಿಂದೆ ಸರಿಯಲಿಲ್ಲ.